ಅನಿಲದ ಕಾವಲಿಯ ಸ್ಥಾಪನೆಯೂ ಬಳಕೆಯೂ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟೀಯರ ವಿಹಾರಗಳನ್ನು ನೋಡಬರುವ ಯಾತ್ರಿಕರಿಗಾಗಿ ಉಪಾಹಾರಗೃಹವನ್ನಿಡುವ ರೈತಬಾಂಧವರು, ಸೌದೆಯೊಲೆಯ ರೂಢಿಯನ್ನೇ ಅನಿಲದ ಕಾವಲಿಗೂ ಅನ್ವಯಿಸಕೂಡದು. ಹೊಗೆಯು ಮೇಲೇರುವುದು, ಈ ಅನಿಲವಾದರೋ ಗಾಳಿಗಿಂತ ಭಾರವಾದುದರಿಂದ, ರಾಗಿಯ ಹಗೇವಿನಲ್ಲಿ ಕೆಟ್ಟ ಗಾಳಿಯು ತಂಗುವಂತೆ, ತಗ್ಗಿನಲ್ಲಿ ನಿಲ್ಲುವುದು. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಬೆರೆತರೂ ಕಿಡಿಯೊಂದಕ್ಕೆ ಹೊತ್ತಿಕೊಳ್ಳುವುದು.

ಆದಕಾರಣ 19 ಕಿಲೋಗ್ರಾಂ ಅನಿಲವನ್ನು ತುಂಬಿದ ವಾಣಿಜ್ಯ ಸಿಲಿಂಡರನ್ನು ನೆಲಮಾಳಿಗೆಯಲ್ಲಿಡದೆ, ಹೊರಗೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸತಕ್ಕದ್ದು. ಅಡಿಗೆಮನೆಗೆ ಮೇಲಣ ಕಿಟಕಿಯೊಂದೇ ಸಾಲದು, ನೆಲಮಟ್ಟದಲ್ಲಿಯೂ ಗಾಳಿಗಂಡಿಯಿರಬೇಕು. ಚಳಿಗೆ ಅಂಜಿ ಇದನ್ನು ಗೋಣಿಯಿಂದ ಮುಚ್ಚುವುದು ಶುದ್ಧ ಅವಿವೇಕವೇ ಸರಿ.

ಕೊಳವೆಯ ಸಂದುಗಳಿಗೆ ಸಾಬೂನಿನ ನೀರನ್ನು ಸವರಿ ನೋಡಿ, ಗುಳ್ಳೆಯೆದ್ದರೆ ತಿರುಪನ್ನು ಮುಚ್ಚತಕ್ಕದ್ದು. ಕಡ್ಡಿಯನ್ನು ಗೀರಿದ ಬಳಿಕವೇ ಒಲೆಗೆ ಅನಿಲವನ್ನು ಬಿಡಬೇಕು. ವಾಸನೆ ಬಂದಲ್ಲಿ ದೀಪದ ಗುಂಡಿಯನ್ನೂ ಮುಟ್ಟದೆ ಬಾಗಿಲುಗಳನ್ನು ತೆರೆದು ಹೊರಬರತಕ್ಕದ್ದು. ಕಾದ ಎರಕದ ಕಾವಲಿಗೆ ತಣ್ಣೀರನ್ನು ಸುರಿದರೆ ಅದು ಬಿರಿಯುವುದುಂಟು.