ಕೊಬ್ಬಿಗೆ ಹೆದರಬೇಡಿ, ಅಳತೆ ಮರೆಯಬೇಡಿ

ನಿನ್ನೆ ವಿಷ ಎಂದಿದ್ದ ತುಪ್ಪವನ್ನು ಇಂದು ಅಮೃತ ಎನ್ನುತ್ತಾರೆ, ಯಾರ ಮಾತು ನಂಬುವುದು? ಈ ಗೊಂದಲ ಸಹಜ. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಎಂಬ ಹಳೆಯ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೆ ತುಪ್ಪದಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲೊರಿಯ ಶೇ 10ರೊಳಗೆ ಇರಲಿ ಎಂಬುದನ್ನು ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದೂ ಅದನ್ನೇ. ಒಂದು ಸಲಹೆ ಬದಲಾದ ಮಾತ್ರಕ್ಕೆ ಉಳಿದದ್ದೆಲ್ಲ ಸುಳ್ಳಾಗುವುದಿಲ್ಲ.

ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ, ಒಳ್ಳೆಯದೆಂದು ಸುರಿದುಕೊಳ್ಳಬೇಡಿ. ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬಿದೆ. ಹಾಗಾಗಿ ನಿತ್ಯದ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳನ್ನು ಬದಲಿಸಿ ಬಳಸಿ. ತುಪ್ಪ ಬಿಟ್ಟು ಆ ಜಾಗಕ್ಕೆ ಸಕ್ಕರೆ, ಮೈದಾ ತಂದರೆ ಲಾಭವಿಲ್ಲ.

ನಿಜಕ್ಕೂ ದೂರವಿಡಬೇಕಾದದ್ದು ಟ್ರಾನ್ಸ್ ಕೊಬ್ಬು. ಎಣ್ಣೆ, ವನಸ್ಪತಿಗಳಲ್ಲಿ ಅದು ಶೇ 2 ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಇದೆ. ಬಿಸ್ಕತ್ತು, ಪಫ್‌ಗಳ ಪೊಟ್ಟಣದ ಮೇಲಿನ ವಿವರ ಓದಿ ಕೊಳ್ಳಿ. ಬೋಂಡಾ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹೃದಯದ ತೊಂದರೆ ಇರುವವರು ವೈದ್ಯರ ಸಲಹೆಯಂತೆಯೇ ನಡೆಯಿರಿ. ಉಳಿದವರು ತಿಂಗಳಿಗೆ ಮನೆಯಲ್ಲಿ ಎಷ್ಟು ಎಣ್ಣೆ ಖರ್ಚಾಗುತ್ತದೆಂದು ಬರೆದಿಟ್ಟುಕೊಳ್ಳಿ. ಕಡಿಮೆ ಮಾಡುವ ದಾರಿ ಅಲ್ಲೇ ಕಾಣುತ್ತದೆ.