‘ಗೋಡೆ’ಯ ಕಾರ್ಡು ಯಾವುದು? ಪದರು ಆಕ್ಸೈಡ್‌ಗಳ ಡೊಮೇನ್ ಗೋಡೆ: ಒಂದು ಅಭ್ಯಾಸ ಪಾಠ

ಪೀಠಿಕೆ: ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಕಾಂತ ವಸ್ತುಗಳ ಡೊಮೇನ್‌ಗಳ ಪರಿಚಯವಿದೆ. ಅದರ ಮುಂದುವರಿಕೆಯಾಗಿ ಫೆರೋಎಲೆಕ್ಟ್ರಿಕ್ ವಸ್ತುಗಳ ಡೊಮೇನ್ ಗೋಡೆಯನ್ನು ನಂಜನಗೂಡು ಮತ್ತು ತಿ. ನರಸೀಪುರದ ಎರಡು ಕಾಲೇಜುಗಳಲ್ಲಿ ಒಂದೊಂದು ಅವಧಿ ಬೋಧಿಸಿದೆ. ಹೊರಗಿನ ವಿದ್ಯುತ್ ಕ್ಷೇತ್ರವಿಲ್ಲದೆಯೂ ಧ್ರುವೀಕರಣ ಉಳಿಯುವ, ಕ್ಷೇತ್ರ ಕೊಟ್ಟರೆ ಅದರ ದಿಕ್ಕು ಬದಲಾಗುವ ವಸ್ತು ಫೆರೋಎಲೆಕ್ಟ್ರಿಕ್. ಧ್ರುವೀಕರಣ ಒಂದೇ ದಿಕ್ಕಿಗಿರುವ ಭಾಗ ಡೊಮೇನ್. ಎರಡು ಡೊಮೇನ್‌ಗಳ ನಡುವಿನ ಎಲ್ಲೆ ಡೊಮೇನ್ ಗೋಡೆ.

ಎದುರಾದ ಪ್ರಶ್ನೆ: ನಂಜನಗೂಡಿನಲ್ಲಿ ಒಬ್ಬ ವಿದ್ಯಾರ್ಥಿನಿ, “ಮಿಸ್, ಆ ಗೋಡೆ ಯಾವ ವಸ್ತುವಿನದು?” ಎಂದಳು. ಪಾಠದ ತಿರುಳೇ ಈ ಪ್ರಶ್ನೆಯಲ್ಲಿದೆ. ಗದ್ದೆಯ ಬದುವಿನಂತೆ ಅದು ಬೇರೆ ಮಣ್ಣಲ್ಲ. ಎರಡೂ ಕಡೆ ಇರುವುದು ಅದೇ ಹರಳು.

ಚಟುವಟಿಕೆ 1: ಬಾಣ ಬರೆದ 36 ಕಾರ್ಡುಗಳನ್ನು ಮೇಜಿನ ಮೇಲೆ 6 ಸಾಲಾಗಿ ಜೋಡಿಸಿದೆವು. ಎಡಗಡೆಯವು ಮೇಲ್ಮುಖ, ಬಲಗಡೆಯವು ಕೆಳಮುಖ. ಇದು 180 ಡಿಗ್ರಿ ಗೋಡೆ. “ಗೋಡೆಯ ಕಾರ್ಡನ್ನು ಎತ್ತಿಕೊಡಿ” ಎಂದಾಗ ಯಾರಿಗೂ ಸಿಗಲಿಲ್ಲ. ಗೋಡೆ ಎಂದರೆ ದಿಕ್ಕು ಬದಲಾಗುವ ಜಾಗ. ಕಬ್ಬಿಣದಲ್ಲಿ ಈ ಬದಲಾವಣೆಗೆ ನೂರಾರು ಪರಮಾಣುಗಳ ದೂರ ಬೇಕು. ಫೆರೋಎಲೆಕ್ಟ್ರಿಕ್‌ನಲ್ಲಿ ಸಾಮಾನ್ಯವಾಗಿ ಕೆಲವೇ ಏಕಕ ಕೋಶಗಳು ಸಾಕು.

ಚಟುವಟಿಕೆ 2: ಎಡಗಡೆಯ ಬಾಣಗಳನ್ನು ಬಲಕ್ಕೆ, ಬಲಗಡೆಯವನ್ನು ಎಡಕ್ಕೆ ತಿರುಗಿಸಿದೆವು. ಮೊನೆಗೆ ಮೊನೆ ಎದುರಾದರೆ ಅಲ್ಲಿ ಧನ ಆವೇಶ ಕೂಡಿ ಶಕ್ತಿ ಹೆಚ್ಚುತ್ತದೆ. ಬಲಕ್ಕಿರುವ ಬಾಣಗಳ ಪಕ್ಕ ಮೇಲ್ಮುಖ ಬಾಣಗಳನ್ನಿಟ್ಟು, ಎಲ್ಲೆಯನ್ನು ಓರೆಯಾಗಿ ಎಳೆದರೆ ಮೊನೆಯ ಹಿಂದೆ ಬಾಲ ಬರುತ್ತದೆ, ಆವೇಶ ಕೂಡುವುದಿಲ್ಲ. ಇದು 90 ಡಿಗ್ರಿ ಗೋಡೆ.

ಪದರುಗಳ ಪಾತ್ರ: ಬೆಂಗ್ಟ್ ಔರಿವಿಲ್ಲಿಯಸ್ 1949ರಲ್ಲಿ ವಿವರಿಸಿದ ಬಿಸ್ಮತ್ ಟೈಟನೇಟ್‌ನಲ್ಲಿ, ಬಿಸ್ಮತ್-ಆಕ್ಸಿಜನ್ ಪದರುಗಳ ನಡುವೆ ಟೈಟಾನಿಯಂ-ಆಕ್ಸಿಜನ್ ಅಷ್ಟಮುಖಿಗಳ ಮೂರು ಪದರುಗಳಿವೆ. ಮೂರು ಹಾಳೆ ಕಾರ್ಡು, ಮೇಲೊಂದು ನೋಟ್‌ಬುಕ್, ಮತ್ತೆ ಮೂರು ಹಾಳೆ ಕಾರ್ಡು ಇಟ್ಟು ತೋರಿಸಿದೆ. ಧ್ರುವೀಕರಣ ಬಹುಪಾಲು ಪದರಿನ ಸಮತಲದಲ್ಲೇ ಇರುವುದರಿಂದ ಬಾಣಗಳು ಮಲಗಿಯೇ ತಿರುಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಬಿ.ಆರ್. ವರ್ಮ ಮತ್ತು ಸಹೋದ್ಯೋಗಿಗಳು ಇದೇ ಕುಟುಂಬದ ಬಿಸ್ಮತ್ ವನಾಡೇಟ್ ಕುರಿತು ಸಂಶೋಧನೆ ನಡೆಸಿದ್ದಾರೆ ಎಂದಾಗ ಮಕ್ಕಳ ಕುತೂಹಲ ಹೆಚ್ಚಿತು.

ಮೌಲ್ಯಮಾಪನ: ತಿ. ನರಸೀಪುರದಲ್ಲಿ ಒಬ್ಬ, “ಕಪಿಲೆ, ಕಾವೇರಿ ಕೂಡುವ ಜಾಗದ ಹಾಗಾ?” ಎಂದು ಕೇಳಿದ. ಉತ್ತರವನ್ನು ತರಗತಿಗೇ ಬಿಟ್ಟೆ. “ಅಲ್ಲಿ ಎರಡು ನೀರು ಬೆರೆಯುತ್ತವೆ, ಇಲ್ಲಿ ವಸ್ತು ಒಂದೇ, ದಿಕ್ಕು ಮಾತ್ರ ಎರಡು” ಎಂದು ಹಿಂದಿನ ಬೆಂಚಿನ ಹುಡುಗಿ ಹೇಳಿದಳು.

ಸಲಹೆ: ‘ಗೋಡೆ’ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲು ಕಾರ್ಡು ಜೋಡಿಸಿ. ಬರೀ ಗೆರೆ ಎಳೆದರೆ ಮಕ್ಕಳ ಮನಸ್ಸಿನಲ್ಲಿ ಇಟ್ಟಿಗೆ ಗೋಡೆಯೇ ಉಳಿಯುತ್ತದೆ.