ಕಾಮನ್‌ಸೆನ್ಸ್ ನೆಟ್: ಸ್ವಿಸ್ ಸಣ್ಣ ಕಂಪನಿ, ಪಾವಗಡದ ಹೊಲ

ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಶ್ರೀರಂಗಪಟ್ಟಣ, ಪಾಂಡವಪುರದ ಪರೀಕ್ಷಾ ಅಭ್ಯರ್ಥಿಗಳಿಗಿಂತ ನಾಗಮಂಗಲ, ಕೆ.ಆರ್. ಪೇಟೆಯ ಮಳೆಯಾಶ್ರಿತ ಹೋಬಳಿಗಳವರಿಗೆ ಹೊಲದ ತೇವಾಂಶ ಅಳೆಯುವ ಈ ಯೋಜನೆಯ ವಿಷಯ ಬೇಗ ಅರ್ಥವಾದೀತು.

2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಸ್ಥಾಪನೆ 1909) ಮತ್ತು ಸ್ವಿಟ್ಜರ್‌ಲೆಂಡ್‌ನ ಲೌಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಜಂಟಿಯಾಗಿ ಕೈಗೊಂಡ ಯೋಜನೆಯೇ ಕಾಮನ್‌ಸೆನ್ಸ್ ನೆಟ್. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ ಇದರ ಪ್ರಯೋಗಭೂಮಿ. ಹೊಲದಲ್ಲಿಟ್ಟ ನಿಸ್ತಂತು ಸಂವೇದಕಗಳು ಮಣ್ಣಿನ ತೇವಾಂಶ, ಉಷ್ಣಾಂಶ, ಗಾಳಿಯ ಆರ್ದ್ರತೆಯನ್ನು ಅಳೆದು, ಒಂದರಿಂದೊಂದಕ್ಕೆ ದಾಟಿಸುತ್ತಾ ಮಾಹಿತಿಯನ್ನು ಊರಿನ ಕೇಂದ್ರಕ್ಕೆ ಮುಟ್ಟಿಸುತ್ತಿದ್ದವು. ಅಲ್ಲಿಂದ ಅದು ಬೆಂಗಳೂರಿಗೆ. ಬೆಳೆಗೆ ನೀರು ಯಾವಾಗ ಸಾಲದು ಎಂಬುದು ಸಣ್ಣ ರೈತನಿಗೆ ಮೊದಲೇ ತಿಳಿಯಬೇಕೆಂಬುದು ಆಶಯ.

ಪರೀಕ್ಷೆಯ ಪ್ರಶ್ನೆ ಹುಟ್ಟುವುದು ಇಲ್ಲಿ: ಈ ಜಾಲದಲ್ಲಿ ಬಳಸಿದ ಟೈನಿನೋಡ್ ಎಂಬ ನಿಸ್ತಂತು ಸಂವೇದಕ ಉಪಕರಣ ಶಾಕ್‌ಫಿಶ್ ಎಂಬ ಸ್ವಿಸ್ ಸಣ್ಣ ಕಂಪನಿಯದು. ಇದೇ ಉಪಕರಣ ಆಲ್ಪ್ಸ್‌ನ ಹೆಪ್ಪುಗಟ್ಟಿದ ಬಂಡೆಗಳ ಅಧ್ಯಯನವಾದ ಪರ್ಮಾಸೆನ್ಸ್‌ನಲ್ಲೂ ದುಡಿಯಿತು. ವಿಶ್ವವಿದ್ಯಾಲಯದ ಪ್ರಯೋಗಾಲಯ ಸಾವಿರಾರು ಗಂಟೆ ಕೆಡದೆ ನಡೆಯುವ ಯಂತ್ರವನ್ನು ತಯಾರಿಸಿ ಮಾರುವುದು ಅಪರೂಪ; ಆ ಕೊರತೆ ತುಂಬುವುದು ಇಂಥ ಕಂಪನಿ.

ಇನ್ನು ‘ಸಣ್ಣ ಕಂಪನಿ’ ಎಂದರೇನು? ಯುರೋಪಿಯನ್ ಒಕ್ಕೂಟದ ಲೆಕ್ಕದಲ್ಲಿ 50ಕ್ಕಿಂತ ಕಡಿಮೆ ಸಿಬ್ಬಂದಿ, ವಾರ್ಷಿಕ ವಹಿವಾಟು ಅಥವಾ ಆಸ್ತಿಪಟ್ಟಿಯ ಮೊತ್ತ 1 ಕೋಟಿ ಯೂರೊ ಮೀರದ್ದು ಸಣ್ಣ ಉದ್ಯಮ. ಆದರೆ ಸ್ವಿಟ್ಜರ್‌ಲೆಂಡ್ ಆ ಒಕ್ಕೂಟದ ಸದಸ್ಯ ದೇಶವಲ್ಲ. ಬಹು ಆಯ್ಕೆ ಪ್ರಶ್ನೆಯಲ್ಲಿ ಎಡವಬೇಡಿ.